ಅಡೆಗಲ್ಲಿನ ಮೇಲಿದ್ದ ಹೂವು

ನಂಗೆ ಸಿಟ್ಟು ಜಾಸ್ತಿ. ಇದು ಮನೆಯವರೆಲ್ಲ ಒಪ್ಪಿಕೊಂಡಿರೋ ವಿಷಯ, ನಾನೂ ಒಪ್ಪಿಕೊಂಡಿದ್ದೀನಿ. ಆದರೆ ಬಂದ ಸಿಟ್ಟು ಒಂದು ಲೋಟ ಕಾಫಿ ಕುಡಿಯೋ ಹೊತ್ತಿಗೆ ಇಳಿದುಹೋಗುತ್ತೆ. ಹೋದ ದಸರಾದ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಇಳಿಯೋದು ಬೇಡ ಅಂತಲೇ ಇದನ್ನ ಬರೀತಿದ್ದೀನಿ.

ನಾನು ಜರ್ಮನ್ ಪಾಠ ಹೇಳೋಳು. ಕುಂದಲಹಳ್ಳಿಯಲ್ಲೇ ಹುಟ್ಟಿ ಕುಂದಲಹಳ್ಳಿಯಲ್ಲೇ ಇರೋಳು. ಇಲ್ಲಿಗೆ ಬಂದು ನೆಲೆಸಿದೋರು "ನೀವು ಯಾವ ಕಡೆಯೋರು ಮೇಡಂ" ಅಂತ ಕೇಳ್ತಾರೆ. "ಇದೇ ಕಡೆ" ಅಂದ್ರೆ ನಂಬೋದೇ ಇಲ್ಲ. ಈ ಊರಿಗೂ ಊರಿನೋರು ಅಂತ ಇರ್ತಾರೆ ಅನ್ನೋದು ಅವರಿಗೆ ಹೊಸ ಸುದ್ದಿ. ಅಣ್ಣ ನೀರಿನ ಟ್ಯಾಂಕರ್ ಇಟ್ಟಿದ್ದಾನೆ, ಅತ್ತಿಗೆ ಪಿಜಿ ನಡೆಸ್ತಾಳೆ, ನಾನು ಜರ್ಮನ್. ಅಮ್ಮ ಮಾತ್ರ ಇವತ್ತಿಗೂ ಯಾರು ಕೇಳಿದ್ರೂ "ನಮ್ ಮಗಳು ಇಂಗ್ಲೀಷ್ ಟೀಚರು" ಅಂತಾಳೆ. ತಿದ್ದಿ ತಿದ್ದಿ ಸಾಕಾಗಿ ಬಿಟ್ಟಿದ್ದೀನಿ.

ಪಾಠ ಇರೋದು ಪೀಣ್ಯದಲ್ಲಿ. ಗೇರು, ಶಾಫ್ಟು ಮಾಡೋ ಒಂದು ಕಾರ್ಖಾನೆ, ಅದರ ಮೂಲ ಕಂಪನಿ ಜರ್ಮನಿಯಲ್ಲಿದೆ. ವಾರದಲ್ಲಿ ಮೂರು ದಿನ ಕುಂದಲಹಳ್ಳಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಪೀಣ್ಯದಲ್ಲಿ ಇಳಿದು, ಆಟೋದವರ ಜೊತೆ ಜಗಳ ಆಡಿ ಅಲ್ಲಿಗೆ ಹೋಗ್ತೀನಿ. ಕ್ಯಾಂಟೀನ್ ಮೇಲಿನ ರೂಮೇ ನಮ್ಮ ಕ್ಲಾಸು. ಕೆಳಗೆ ಸಾಂಬಾರಿಗೆ ಒಗ್ಗರಣೆ ಬಿದ್ದರೆ ಮೇಲೆ ಹನ್ನೆರಡು ಜನರ ಗಮನ ಒಟ್ಟಿಗೆ ಹೋಗುತ್ತೆ. ಇಂಜಿನಿಯರುಗಳೂ ಇರ್ತಾರೆ, ಮೆಷಿನ್ ನಡೆಸೋರೂ ಇರ್ತಾರೆ. ಎಲ್ರೂ ಒಂದೇ ನೀಲಿ ಅಂಗಿ.

ಭಾಷೆ ಹೇಳಿಕೊಡೋದು ಅಂದ್ರೆ ಬರೀ ಕ್ರಿಯಾಪದ ಉರು ಹೊಡೆಸೋದಲ್ಲ. ಆ ಜನ ಹ್ಯಾಗೆ ಉಣ್ತಾರೆ, ಹ್ಯಾಗೆ ಅಳ್ತಾರೆ, ಬಂದ ನೆಂಟರನ್ನ ಎಲ್ಲಿ ಕೂರಿಸ್ತಾರೆ, ಇದೆಲ್ಲ ಗೊತ್ತಾಗಬೇಕು. ಇದನ್ನ ಬಾಯಲ್ಲಿ ಹೇಳಿದ್ರೆ ಒಂದು ಕಿವಿಯಿಂದ ಹೋಗಿ ಇನ್ನೊಂದರಿಂದ ಬರುತ್ತೆ. ಅದಕ್ಕೆ ನಾನು ಚಿತ್ರ ತೋರಿಸ್ತೀನಿ. ಪ್ರವಾಸಿ ಫೋಟೋ ಅಲ್ಲ. ಅಲ್ಲಿನ ಚಿತ್ರಕಾರರು ಬಣ್ಣದಲ್ಲಿ ಬರೆದ ಹಳೇ ಚಿತ್ರಗಳು. ಅಡುಗೆಮನೆ, ಸಂತೆ, ಬಟ್ಟೆ ಒಗೆಯೋರು, ಮಳೆಯಲ್ಲಿ ಕಾಯ್ತಿರೋರು. ಆ ರೂಮಿನ ಪ್ರೊಜೆಕ್ಟರ್‌ನಲ್ಲಿ ಎಲ್ಲಾನೂ ಗೋಧಿ ಹಿಟ್ಟಿನ ಬಣ್ಣಕ್ಕೆ ತಿರುಗ್ತಿತ್ತು. ಸಿಟ್ಟು ಬಂದು, ನಮ್ಮ ಬೀದಿ ಕೊನೆಯ ಫ್ಲೆಕ್ಸ್ ಅಂಗಡಿಗೆ ಹೋಗಿ ದೊಡ್ಡದಾಗಿ ಪ್ರಿಂಟ್ ಹಾಕಿಸೋಕೆ ಶುರು ಮಾಡಿದೆ.

ಮೊದಲ ಸಲ ಹೋದಾಗ ಅಂಗಡಿಯವನು ಚಿತ್ರವನ್ನ ಕಂಪ್ಯೂಟರಿಗೆ ಹಾಕಿ, ನನ್ನ ಮುಖ ನೋಡಿ ಕೇಳಿದ. "ಅಕ್ಕ, ಇದು ಹುಟ್ಟುಹಬ್ಬಕ್ಕಾ, ಶ್ರದ್ಧಾಂಜಲಿಗಾ?"

"ಯಾಕಪ್ಪ?"

"ಅಲ್ಲ, ಸುತ್ತ ಹೂವಿನ ಬಾರ್ಡರ್ ಹಾಕಬೇಕಲ್ಲ. ಎರಡಕ್ಕೂ ಅದೇ ಹೂವೇ ಅನ್ನಿ. ಕೆಳಗೆ ಬರೆಯೋದು ಬೇರೆ ಅಷ್ಟೆ."

"ಬಾರ್ಡರೂ ಬೇಡ, ಬರವಣಿಗೆಯೂ ಬೇಡ, ಇದ್ದ ಹಾಗೆ ಹೊಡೆದುಕೊಡು" ಅಂದೆ. ಅವನಿಗೆ ಬೇಜಾರಾಯ್ತು. ಬಾರ್ಡರ್ ಇಲ್ಲದ ಫ್ಲೆಕ್ಸ್ ಅವನ ಪ್ರಕಾರ ಕೈಬಳೆ ಇಲ್ಲದ ಮದುಮಗಳು.

ಆ ಫ್ಲೆಕ್ಸ್‌ಗಳನ್ನ ಸುರುಳಿ ಸುತ್ತಿ ಮೆಟ್ರೊದಲ್ಲಿ ಹೊತ್ಕೊಂಡು ಹೋಗಿ, ಕ್ಲಾಸಿನ ಕಿಟಕಿ ಸರಳಿಗೆ ನೈಲಾನ್ ಹಗ್ಗದಲ್ಲಿ ಕಟ್ತಿದ್ದೆ. ನನ್ನ ಪಾಠಕ್ಕೆ ಒಂದೇ ಕ್ರಮ, ಮೊದಲ ದಿನವೇ ಹೇಳಿಬಿಡ್ತೀನಿ. ಮೊದಲು ಕಂಡದ್ದು ಹೇಳಿ. ಆಮೇಲೆ, ಇದೇ ನಮ್ಮನೇಲಿ ನಡೆದಿದ್ರೆ ಏನು ಅರ್ಥ, ಅದನ್ನ ಹೇಳಿ. ಕೊನೆಗೆ ಮತ್ತೆ ಚಿತ್ರಕ್ಕೆ ಬನ್ನಿ, ನಮ್ಮನೆ ಲೆಕ್ಕಕ್ಕೆ ಸಿಗದೆ ಇರೋದು ಏನೇನಿದೆ ನೋಡಿ, ಅವರ ಮನೆ ಅಲ್ಲಿಂದ ಶುರುವಾಗುತ್ತೆ. ಮೂರನ್ನೂ ಜರ್ಮನ್‌ನಲ್ಲೇ ಹೇಳಬೇಕು. ತಪ್ಪಾದ್ರೂ ಪರವಾಗಿಲ್ಲ, ನಡುವೆ ನಿಲ್ಲಬಾರದು.

ಒಂದು ಸಲ ಒಂದು ಊಟದ ಚಿತ್ರ ಕಟ್ಟಿದ್ದೆ. ಮೇಜಿನ ಸುತ್ತ ಇಡೀ ಸಂಸಾರ ಕೂತು ಬ್ರೆಡ್ಡು, ಸಾರು ತಿಂತಿದೆ. ಲೇತ್ ಮೆಷಿನ್ ನಡೆಸೋ ಒಬ್ಬರು ಬಹಳ ಹೊತ್ತು ನೋಡಿ ಜರ್ಮನ್‌ನಲ್ಲೇ ಕೇಳಿದ್ರು, "ಎಲ್ರೂ ಕೂತುಬಿಟ್ಟಿದ್ದಾರೆ, ಬಡಿಸೋರು ಯಾರು?" ಅಷ್ಟೇ ಸಾಕಾಯ್ತು. ಬಡಿಸೋದು ಅನ್ನೋದಕ್ಕೆ ಜರ್ಮನ್ ಏನು, ಬಡಿಸದೆ ಉಣ್ಣೋ ಮನೆ ಹ್ಯಾಗಿರುತ್ತೆ, ತಾವೇ ಹಾಕ್ಕೊಂಡ್ರೆ "ಇನ್ನೊಂಚೂರು" ಅಂತ ಬಲವಂತ ಮಾಡೋರು ಯಾರು, ಅಲ್ಲಿಗೆ ಹೋದಾಗ ಬೇಡ ಬೇಡ ಅಂದ್ರೆ ನಿಜಕ್ಕೂ ಉಪವಾಸ ಕೂರಬೇಕಾಗುತ್ತಾ, ಅಂತೆಲ್ಲ ಕ್ಲಾಸು ಮುಗಿಯೋತನಕ ವಾದ. ವ್ಯಾಕರಣ ಎಲ್ಲ ಚಿಂದಿ ಚಿಂದಿ. ಆದ್ರೆ ಹನ್ನೆರಡೂ ಜನ ಬಾಯಿಬಿಟ್ಟು ಜರ್ಮನ್ ಆಡಿದ್ರು ಕಣ್ರೀ. ಆ ಸಂತೋಷ ನಂಗೇ ಗೊತ್ತು.

ಆ ಹನ್ನೆರಡರಲ್ಲಿ ಒಬ್ಬಳು ದಾವಣಗೆರೆಯಾಕೆ. ಹಾಗಂತಲೇ ಕರೀತೀನಿ. ತಯಾರಾದ ಗೇರುಗಳ ಅಳತೆ ನೋಡಿ ಪಾಸು ಫೇಲು ಮಾಡೋ ವಿಭಾಗದ ಇಂಜಿನಿಯರು. ಮನೆಯಲ್ಲಿ ಎಲ್ರೂ ಓದಿದೋರು, ಅಪ್ಪ ಡಾಕ್ಟರು, ಗಂಡ ಬ್ಯಾಂಕು, ನಾಗಸಂದ್ರದ ಕಡೆ ಅಪಾರ್ಟ್‌ಮೆಂಟು. ಬೆಳಗ್ಗೆ ಹಣೆಗೆ ವಿಭೂತಿ ಇಟ್ಕೊಂಡು ಬರೋಳು. ಬಾಯಿ ಅಂದ್ರೆ ಬಾಯಿ. ನಾನು ಒಂದಂದ್ರೆ ಅವಳು ಎರಡು ಅನ್ನೋಳು. ತಪ್ಪು ಗೇರನ್ನ ಯಾರ ಮುಲಾಜಿಗೂ ಪಾಸು ಮಾಡ್ತಿರಲಿಲ್ಲ, ಅದಕ್ಕೇ ಅರ್ಧ ಕಾರ್ಖಾನೆಗೆ ಅವಳನ್ನ ಕಂಡ್ರೆ ಆಗ್ತಿರಲಿಲ್ಲ. ಅವಳು ಕೆಲಸ ಕಲಿಸಿದ ಇಬ್ಬರು ಅವಳಿಗೇ ಮೇಲಧಿಕಾರಿಗಳಾಗಿ ಕೂತಿದ್ರು.

ಈಗ ವಿಷಯಕ್ಕೆ ಬರ್ತೀನಿ. ಆ ಕಾರ್ಖಾನೆಯಿಂದ ಎರಡು ವರ್ಷಕ್ಕೊಮ್ಮೆ ಒಬ್ಬರನ್ನ ಆರು ತಿಂಗಳು ಜರ್ಮನಿಗೆ ತರಬೇತಿಗೆ ಕಳಿಸ್ತಾರೆ. ಹೋಗಿ ಬಂದೋರಿಗೆ ಹೊಸ ಯಂತ್ರಗಳ ವಿಭಾಗ ಪೂರ್ತಿ ವಹಿಸಿಕೊಡ್ತಾರೆ. ವಯಸ್ಸು ಮೂವತ್ತೈದು ದಾಟಿರಬಾರದು. ದಾವಣಗೆರೆಯಾಕೆಗೆ ಮೂವತ್ತೈದು ನಡೀತಿತ್ತು. ಅಂದ್ರೆ ಈ ಸಲ ಇಲ್ಲ ಅಂದ್ರೆ ಯಾವತ್ತಿಗೂ ಇಲ್ಲ. ಅವಳು ಜರ್ಮನ್ ಕ್ಲಾಸಿಗೆ ಸೇರಿದ್ದೇ ಅದಕ್ಕೆ. "ಮೇಡಂ, ಇದೊಂದು ಸಿಕ್ಕಿಬಿಟ್ರೆ ಸಾಕ್ರಿ, ಆಮೇಲೆ ಯಾರ ಹತ್ರಾನೂ ಏನೂ ಕೇಳಲ್ಲ" ಅಂತಿದ್ದಳು.

ಆಯ್ಕೆಗೆ ಮಾತಿನ ಪರೀಕ್ಷೆ. ಭಾಷೆಯ ಅಂಕ ನಾನು ಕೊಡಬೇಕು. ಸಂಸ್ಕೃತಿಯ ಅಂಕ ಕೊಡೋಕೆ ಎಚ್‌ಆರ್ ಸಾಹೇಬ್ರು ಹೊರಗಿನಿಂದ ಒಬ್ಬ ಟ್ರೈನರ್‌ನ ಕರೆಸಿದ್ರು. ಎರಡರಲ್ಲೂ ಪಾಸಾಗಬೇಕು. ಈ ಟ್ರೈನರು ಒಂದೆರಡು ವರ್ಷ ಜರ್ಮನಿಯಲ್ಲಿ ಇದ್ದು ಬಂದೋರಂತೆ. ಬಂದು ಒಂದು ಮಧ್ಯಾಹ್ನ ಎಲ್ರಿಗೂ ಸ್ಲೈಡ್ ತೋರಿಸಿದ್ರು. ಒಂದು ಸ್ಲೈಡಲ್ಲಿ ಗಡಿಯಾರ: ಜರ್ಮನ್ನರು ಸಮಯಪಾಲಕರು. ಇನ್ನೊಂದರಲ್ಲಿ ಬಿಯರ್ ಮಗ್ಗು. ಮತ್ತೊಂದರಲ್ಲಿ ಫುಟ್‌ಬಾಲು. ಆಯ್ತು, ಸಂಸ್ಕೃತಿ ಮುಗೀತು, ಕೈ ತೊಳ್ಕೊಳ್ಳಿ. ಅಲ್ಲಾ, ಯಾರಾದ್ರೂ ಜರ್ಮನಿಯಲ್ಲಿ ಕೂತು ದೋಸೆ, ಕ್ರಿಕೆಟ್ಟು, ಆನೆ ಅಂತ ಮೂರು ಸ್ಲೈಡ್ ತೋರಿಸಿ "ಇದೇ ಕರ್ನಾಟಕ" ಅಂದ್ರೆ ನಮಗೆ ಹ್ಯಾಗಾಗುತ್ತೆ? ಮೈಯೆಲ್ಲ ಉರಿದುಹೋಯ್ತು. ಕಿಟಕಿಗೆ ಕಟ್ಟಿದ್ದ ನನ್ನ ಫ್ಲೆಕ್ಸ್‌ಗಳನ್ನ ನೋಡಿ ಅವರು "ಓಹ್, ಆರ್ಟ್ ಕ್ಲಾಸೂ ಉಂಟಾ?" ಅಂತ ನಕ್ಕರು. ಎಚ್‌ಆರ್ ಸಾಹೇಬ್ರೂ ನಕ್ಕರು. ನಾನು ನಗಲಿಲ್ಲ.

ಅಷ್ಟಾದ್ರೂ ಹಟ ಮಾಡಿ, ಪರೀಕ್ಷೆಗೆ ನನ್ನ ಚಿತ್ರವನ್ನೇ ಇಡಿಸಿದೆ. ಯಾರೂ ಮೊದಲು ನೋಡಿರದ ಚಿತ್ರ. ನಂಗೆ ಜರ್ಮನ್ ಕಲಿಸಿದ ಮೇಷ್ಟ್ರು ಕೊಟ್ಟ ಒಂದು ಹಳೇ ಕ್ಯಾಲೆಂಡರಲ್ಲಿ ಇದ್ದದ್ದು, ಬರೆದವರ ಹೆಸರು ಯಾರಿಗೂ ಗೊತ್ತಿಲ್ಲ. ಒಂದು ಕುಲುಮೆ. ಕಿಟಕಿಯಿಂದ ಬೆಳಗಿನ ಬಿಸಿಲು. ಗೋಡೆಯಲ್ಲಿ ಸುತ್ತಿಗೆ, ಇಕ್ಕಳ ಎಲ್ಲ ಒರೆಸಿ ಸಾಲಾಗಿ ನೇತುಹಾಕಿದೆ. ನಡುವೆ ಅಡೆಗಲ್ಲು, ಕಾದ ಕಬ್ಬಿಣ ಇಟ್ಟು ಬಡೀತಾರಲ್ಲ, ಅದು. ಅದರ ಮೇಲೆ ಹಸಿರೆಲೆ, ಬಿಳಿ ಹೂವು ಸೇರಿಸಿ ಕಟ್ಟಿದ ದುಂಡು ಹಾರ. ಸುತ್ತ ಕಪ್ಪು ಬಟ್ಟೆಯ ಐದಾರು ಜನ ಕೈಯಲ್ಲಿ ಟೋಪಿ ಹಿಡಿದು ನಿಂತಿದ್ದಾರೆ. ಒಂದು ಹೆಂಗಸು ಬೆಂಚಿನ ಮೇಲೆ ಕೂತು ಅಡೆಗಲ್ಲನ್ನೇ ನೋಡ್ತಿದ್ದಾಳೆ. ಗಾಳಿ ಊದೋ ತಿದಿ ಸುಮ್ಮನಿದೆ, ಬೆಂಕಿ ಇಲ್ಲ.

ಆ ಚಿತ್ರವನ್ನ ಬೇಕಂತಲೇ ಆರಿಸಿದ್ದೆ. ಪೀಣ್ಯದಲ್ಲಿ ಕೆಲಸ ಮಾಡೋ ಯಾರೇ ಆಗಲಿ, ಒರೆಸಿಟ್ಟ ಸಲಕರಣೆ ಮೇಲೆ ಹೂವು ಕಂಡ್ರೆ ಮೊದಲು ಅನ್ನೋದು ಒಂದೇ ಮಾತು, ಆಯುಧಪೂಜೆ. ಅನ್ನದೆ ಇದ್ರೇನೇ ಆಶ್ಚರ್ಯ. ಅಲ್ಲಿಂದ ಚಿತ್ರಕ್ಕೆ ವಾಪಸ್ ಬಂದು, ಬೆಂಕಿ ಯಾಕಿಲ್ಲ, ಯಾರೂ ಯಾಕೆ ನಗ್ತಿಲ್ಲ, ಟೋಪಿ ಯಾಕೆ ಕೈಯಲ್ಲಿದೆ, ಬಟ್ಟೆ ಯಾಕೆ ಕಪ್ಪು ಅಂತ ನೋಡಿ, ಓಹೋ ಇವರಲ್ಲಿ ಹೂವು ಇಟ್ಟಿರೋದು ಸಾವಿಗೆ ಅಂತ ತಾವೇ ಕಂಡುಕೊಂಡ್ರೆ, ಅದಕ್ಕಿಂತ ದೊಡ್ಡ ಸಂಸ್ಕೃತಿ ಪಾಠ ಇನ್ನೇನಿದೆ? ಎಷ್ಟು ಸ್ಲೈಡ್ ಹಾಕಿದ್ರೂ ಅದು ಬರಲ್ಲ.

ಪರೀಕ್ಷೆ ದಿನ ಟ್ರೈನರು ನಡುವೆ, ಒಂದು ಪಕ್ಕ ಎಚ್‌ಆರ್ ಸಾಹೇಬ್ರು, ಇನ್ನೊಂದು ಪಕ್ಕ ನಾನು. ಪರೀಕ್ಷೆ ಮುಗಿಯೋತನಕ ನಾನು ಬಾಯಿ ತೆಗೆಯೋ ಹಾಗಿಲ್ಲ. ಎಚ್‌ಆರ್ ಸಾಹೇಬ್ರಿಗೆ ಜರ್ಮನ್ ಒಂದಕ್ಷರ ಬರಲ್ಲ, ಆದ್ರೆ ತಲೆ ಚೆನ್ನಾಗಿ ಆಡಿಸ್ತಾರೆ.

ಮೊದಲು ಡಿಸೈನ್ ವಿಭಾಗದ ಒಬ್ಬ ಹುಡುಗ ಬಂದ. ಒಳ್ಳೆ ಹುಡುಗ, ಅವನ ಮೇಲೆ ನಂಗೇನೂ ಇಲ್ಲ. ಯಾವುದೋ ಕೋಚಿಂಗಲ್ಲಿ ಕೊಡೋ ಸಿದ್ಧ ಸಾಲುಗಳನ್ನ ಗಟ್ಟಿ ಹೊಡ್ಕೊಂಡು ಬಂದಿದ್ದ. ಎಂಥ ಚಿತ್ರ ತೋರಿಸಿದ್ರೂ ನಡೆಯೋ ಸಾಲುಗಳು. "ಮುಂಭಾಗದಲ್ಲಿ ಹೂಗಳಿವೆ. ಹಿಂಭಾಗದಲ್ಲಿ ಜನರಿದ್ದಾರೆ. ಬಲಗಡೆ ಕಿಟಕಿ ಇದೆ. ವಾತಾವರಣ ಶಾಂತವಾಗಿದೆ. ಈ ಚಿತ್ರ ನನಗೆ ಇಷ್ಟವಾಯಿತು, ಏಕೆಂದರೆ ಇದು ಸುಂದರವಾಗಿದೆ." ಮುಗೀತು. ಒಂದು ತಪ್ಪಿಲ್ಲ, ಒಂದು ಜೀವ ಇಲ್ಲ. ಟ್ರೈನರು "ವೆರಿ ನೀಟ್" ಅಂದ್ರು.

ಆಮೇಲೆ ದಾವಣಗೆರೆಯಾಕೆ ಬಂದಳು. ಚಿತ್ರದ ಮುಂದೆ ನಿಂತು ಒಂದಷ್ಟು ಹೊತ್ತು ಸುಮ್ಮನೆ ನೋಡಿದಳು, ಗೇರು ಅಳೆಯೋವಾಗ ನೋಡ್ತಾಳಲ್ಲ ಹಾಗೆ. ಕಂಡದ್ದನ್ನೆಲ್ಲ ಹೇಳಿದಳು. ಅಡೆಗಲ್ಲಿಗೆ ಜರ್ಮನ್ ಪದ ಗೊತ್ತಿರಲಿಲ್ಲ, "ಕಬ್ಬಿಣದ ಮಣೆ" ಅಂತ ಅವಳೇ ಕಟ್ಟಿಕೊಂಡಳು. ನಂಗೆ ಎದ್ದು ಬೆನ್ನು ತಟ್ಟೋಣ ಅನ್ನಿಸ್ತು. ಆಮೇಲೆ ಎರಡನೇದಕ್ಕೆ ಬಂದಳು. "ನಮ್ಮಲ್ಲಿ ಸಲಕರಣೆಗಳ ಮೇಲೆ ಹೂವು ಇಟ್ಟರೆ ಅವತ್ತು ಹಬ್ಬ. ಅವತ್ತು ಯಾರೂ ಕೆಲಸ ಮಾಡುವುದಿಲ್ಲ. ಯಂತ್ರಗಳಿಗೆ ಪೂಜೆ ಮಾಡಿ ಸಿಹಿ ಹಂಚುತ್ತೇವೆ. ಆದ್ದರಿಂದ ನನಗೆ ಮೊದಲು ಅನ್ನಿಸಿದ್ದು..."

ಟ್ರೈನರು ಜೋರಾಗಿ ನಕ್ಕುಬಿಟ್ರು. "ಹಬ್ಬಾನಾ? ಇದು ಫ್ಯೂನರಲ್ ಮೇಡಂ, ಫ್ಯೂನರಲ್! ಸಾವಿನ ಮನೇಲಿ ನೀವು ಸಿಹಿ ಹಂಚ್ತಿದ್ದೀರ. ಜರ್ಮನಿಗೆ ಹೋಗಿ ಹೀಗಂದ್ರೆ ನಮ್ಮ ಕಂಪನಿ ಮಾನ ಹೋಗುತ್ತೆ."

ಎಚ್‌ಆರ್ ಸಾಹೇಬ್ರೂ ಹೊಟ್ಟೆ ಹಿಡ್ಕೊಂಡು ನಕ್ಕರು.

"ನಾನು ಇನ್ನೂ ಮುಗಿಸಿಲ್ರಿ" ಅಂದಳು ಅವಳು.

"ಸಾಕು ಸಾಕು, ಥ್ಯಾಂಕ್ಯೂ."

"ಸಾರ್, ಮುಗಿಸಿಲ್ರಿ. ಇನ್ನೊಂದು ಮಾತೈತಿ."

"ಟೈಮ್ ಆಯ್ತು ಮೇಡಂ. ಜರ್ಮನ್ನರು ಪಂಕ್ಚುಯಲ್, ಸ್ಲೈಡ್ ನೋಡಿದ್ರಲ್ಲ?"

ಅವಳು ನನ್ನ ಕಡೆ ನೋಡಿದಳು. ನಾನು ಬಾಯಿ ತೆಗೆಯೋ ಹಾಗಿಲ್ಲ ಅಂದಿದ್ರಲ್ಲ, ತೆಗೆದೇಬಿಟ್ಟೆ. "ಪೂರ್ತಿ ಹೇಳೋಕೆ ಬಿಡಿ ಸಾರ್, ಅವಳಿರೋದು ಸರಿಯಾದ ದಾರೀಲೇ" ಅಂದೆ. ಟ್ರೈನರು ಎಚ್‌ಆರ್ ಸಾಹೇಬ್ರ ಮುಖ ನೋಡಿದ್ರು. ಎಚ್‌ಆರ್ ಸಾಹೇಬ್ರು "ಮೇಡಂ, ಪ್ಲೀಸ್, ಪ್ರೊಸೆಸ್ ಅಂತ ಒಂದಿದೆ" ಅಂದ್ರು. ದಾವಣಗೆರೆಯಾಕೆ ಹೊರಗೆ ನಡೆದುಬಿಟ್ಟಳು.

ಭಾಷೆಗೆ ನಾನು ಅವಳಿಗೆ ಕೊಟ್ಟ ಅಂಕ ಎಲ್ರಿಗಿಂತ ಜಾಸ್ತಿ ಇತ್ತು. ಸಂಸ್ಕೃತಿಯಲ್ಲಿ ಫೇಲು. "ವಿದೇಶಿ ಸಂಸ್ಕೃತಿಯ ಅರಿವು ಇಲ್ಲ" ಅಂತ ಕಾರಣ. ಡಿಸೈನ್ ಹುಡುಗ ಆಯ್ಕೆ ಆದ.

ನೆತ್ತಿಗೇರಿತು ಸಿಟ್ಟು. ನೇರ ಎಚ್‌ಆರ್ ರೂಮಿಗೆ ನುಗ್ಗಿದೆ. "ಸಾರ್, ಇನ್ನೊಂದು ಸಲ ಪರೀಕ್ಷೆ ಮಾಡಿ. ಅರ್ಧಕ್ಕೆ ಬಾಯಿ ಮುಚ್ಚಿಸಿ ಫೇಲು ಅಂದ್ರೆ ಇದೆಂಥ ನ್ಯಾಯ?"

"ಮೇಡಂ, ಅವರು ಫ್ಯೂನರಲ್‌ನ ಫೆಸ್ಟಿವಲ್ ಅಂದ್ರು. ಅದು ತಪ್ಪೋ ಅಲ್ವೋ?"

"ಮೊದಲು ಹಾಗೆ ಅನ್ನಿಸ್ತು ಅಂದಳು. ಮೊದಲು! ಆಮೇಲಿನದನ್ನ ಕೇಳೋ ವ್ಯವಧಾನ ಬೇಡ್ವಾ? ನಮ್ಮನೆ ಬಾಗಿಲು ದಾಟದೆ ಯಾರಾದ್ರೂ ಇನ್ನೊಬ್ಬರ ಮನೆಗೆ ಹೋಗೋಕಾಗುತ್ತಾ ಸಾರ್? ಆ ಹುಡುಗ ಅದು ಹಬ್ಬ ಅಂತಲೂ ಹೇಳಲಿಲ್ಲ, ಸಾವು ಅಂತಲೂ ಹೇಳಲಿಲ್ಲ. ಮುಂಭಾಗದಲ್ಲಿ ಹೂವು ಅಂದ. ಅವನು ಪಾಸಾ?"

"ಅವರು ಸೇಫ್ ಆಗಿ ಆನ್ಸರ್ ಮಾಡಿದ್ರು. ಮೇಡಂ, ನೀವು ಎಮೋಷನಲ್ ಆಗ್ತಿದ್ದೀರ."

ನಾನು ಅರಚಾಡಿದೆ. ಏನೇನಂದೆ ಅಂತ ಪೂರ್ತಿ ನೆನಪಿಲ್ಲ. ನಿಮ್ಮ ಬಿಯರ್ ಮಗ್ಗಿನ ಸಂಸ್ಕೃತಿಗೆ ಬೆಂಕಿ ಬೀಳ ಅಂದದ್ದಂತೂ ನೆನಪಿದೆ. ಅವರು ತಾಳ್ಮೆಯಿಂದ ಕೇಳಿ, ನೀರಿನ ಬಾಟಲು ನನ್ನ ಕಡೆ ಸರಿಸಿದ್ರು. ಅದು ಇನ್ನೂ ಜಾಸ್ತಿ ಉರಿಸ್ತು. ಹೆಂಗಸು ಸಿಟ್ಟಾದ್ರೆ ನೀರು ಕೊಡೋದು ಅವರ ಪ್ರೊಸೆಸ್ಸಲ್ಲಿ ಇದೆ ಅಂತ ಕಾಣುತ್ತೆ.

ಮನೆಗೆ ಬಂದು ಸಿಂಕಿನಲ್ಲಿ ಪಾತ್ರೆ ಕುಕ್ತಿದ್ದೆ. ಅಮ್ಮ ಬಂದು ನಿಂತಳು. "ಯಾಕಮ್ಮಿ ಇಂಗೆ ಪಾತ್ರೆ ಮೇಲೆ ತೀರಿಸ್ಕೋತೀಯ?" ಸುರುಳಿ ಬಿಚ್ಚಿ ಫ್ಲೆಕ್ಸನ್ನ ಸೋಫಾ ಮೇಲೆ ಹಾಸಿ ತೋರಿಸಿದೆ. ಅಮ್ಮ ಕನ್ನಡಕ ಹಾಕ್ಕೊಂಡು ಬಗ್ಗಿದಳು. "ಅಬ್ಬ ಮಾಡ್ತಾವ್ರೆ. ನಮ್ ಟ್ಯಾಂಕರ್‌ಗೂ ಇಂಗೇ ಅಲ್ವಾ ಊವು ಇಕ್ಕೋದು?" ಒಂದು ಗಳಿಗೆ ಬಿಟ್ಟು ಬೆರಳನ್ನ ಬೆಂಚಿನ ಮೇಲೆ ಕೂತ ಹೆಂಗಸಿನ ಮೇಲಿಟ್ಟಳು. "ಅಲ್ಲ ಕಣಮ್ಮಿ. ಈ ಎಣ್ಣುಮಗಳು ಯಾಕಂಗೆ ಕೂತವ್ಳೆ? ಇವಳ ಗಂಡ ಓಗ್ಬಿಟ್ಟವ್ನೆ." ನಾನು ಅಡುಗೆಮನೆಗೆ ಹೋಗಿ ಮತ್ತೊಂದಷ್ಟು ಪಾತ್ರೆ ಕುಕ್ಕಿದೆ. ಒಂದು ಗಳಿಗೆ, ಅಷ್ಟೇ ಸಾಕಿತ್ತು ಕಣ್ರೀ ಆ ಪರೀಕ್ಷೆ ದಿನ. ಆ ಒಂದು ಗಳಿಗೆ ಕೊಡಲಿಲ್ಲ ಅವಳಿಗೆ.

ದಾವಣಗೆರೆಯಾಕೆ ಕ್ಲಾಸಿಗೆ ಬರೋದು ನಿಲ್ಲಿಸಲಿಲ್ಲ. ನಾನು ಅವಳು ಅಳ್ತಾಳೆ ಅಂದ್ಕೊಂಡಿದ್ದೆ. "ಅಳಾಕ ನಂಗೇನಾಗೈತ್ರಿ, ಫೀಸು ಕಂಪನಿ ಕಟ್ಟೈತಿ, ಬಿಡಲಿ ಯಾಕ?" ಅಂದಳು. ಆದ್ರೆ ಚಿತ್ರ ಕಟ್ಟಿದಾಗ ಮೊದಲಿನ ಹಾಗೆ ಎದ್ದು ಬರ್ತಿರಲಿಲ್ಲ. "ನಿಮ್ಮನೇಲಿ ಇದಕ್ಕೇನರ್ಥ" ಅಂತ ಕೇಳಿದ್ರೆ, "ನಮ್ಮನೆ ವಿಷಯ ಬ್ಯಾಡ್ರಿ ಮೇಡಂ" ಅಂತ ಕಿಟಕಿ ಕಡೆ ತಿರುಗೋಳು. ಉಳಿದೋರೂ ನೋಡಿ ಕಲಿತುಬಿಟ್ರು. ಬಡಿಸೋರು ಯಾರು ಅಂತ ಕೇಳಿದ್ದ ಲೇತ್‌ನೋರು ಕೂಡ ಒಂದಿನ "ಮುಂಭಾಗದಲ್ಲಿ ಮೇಜು ಇದೆ, ಹಿಂಭಾಗದಲ್ಲಿ ಬಾಗಿಲು ಇದೆ" ಅಂತ ಶುರು ಮಾಡಿದ್ರು. ಕಷ್ಟಪಟ್ಟು ಬಾಯಿ ತೆರೆಸಿದ್ದೆ, ಒಂದೇ ಮಧ್ಯಾಹ್ನದಲ್ಲಿ ಹನ್ನೆರಡೂ ಬಾಯಿ ಹೊಲಿದು ಹೋಗಿದ್ದ ಆ ಟ್ರೈನರ್ ಮಹಾರಾಯ.

ದಸರಾ ಬಂತು. ಕಾರ್ಖಾನೆಯಲ್ಲಿ ರಜೆಯ ಹಿಂದಿನ ದಿನ ಆಯುಧಪೂಜೆ. ನನ್ನನ್ನೂ ಕರೆದಿದ್ರು, ಹೋದೆ. ಯಂತ್ರಗಳಿರೋ ಶಾಪ್‌ಫ್ಲೋರ್ ಗುರುತೇ ಸಿಗದ ಹಾಗಿತ್ತು. ಎಣ್ಣೆ ಜಿಡ್ಡೆಲ್ಲ ಒರೆಸಿ, ಯಂತ್ರಗಳಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿದ್ರು. ಅಳತೆ ವಿಭಾಗದವರು ತಮ್ಮ ವರ್ನಿಯರ್, ಮೈಕ್ರೋಮೀಟರ್‌ಗಳನ್ನೆಲ್ಲ ಒಂದು ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚಿದ್ರು. ದಾವಣಗೆರೆಯಾಕೆ ರೇಷ್ಮೆ ಸೀರೆ ಉಟ್ಟು, ಅಳತೆ ಯಂತ್ರಕ್ಕೆ ಮೂರು ಬೆರಳಲ್ಲಿ ವಿಭೂತಿ ಎಳೀತಿದ್ದಳು. ವರ್ಷವಿಡೀ ಹುಯ್ಯೋ ಅಂತ ಕೂಗೋ ಜಾಗ ಅವತ್ತು ಪೂರ್ತಿ ಸುಮ್ಮನಿತ್ತು. ಅಯ್ನೋರು ಮಂತ್ರ ಹೇಳ್ತಿದ್ರು, ಜನ ಕೈಮುಗಿದು ನಿಂತಿದ್ರು.

ಆ ವಾರ ಜರ್ಮನಿಯಿಂದ ಒಬ್ಬ ಹಿರಿಯರು ಬಂದಿದ್ರು, ಹೊಸ ಯಂತ್ರವೊಂದನ್ನ ಕೂರಿಸೋಕೆ. ಅಲ್ಲಿನ ತರಬೇತಿ ನೋಡ್ಕೊಳ್ಳೋರೂ ಅವರೇ. ಇಂಡಿಯಾಗೆ ಮೊದಲ ಸಲ. ಎಚ್‌ಆರ್ ಸಾಹೇಬ್ರು ಅವರನ್ನ ಕರ್ಕೊಂಡು ಒಳಗೆ ಬಂದ್ರು. ಆ ಹಿರಿಯರು ಬಾಗಿಲಲ್ಲೇ ನಿಂತುಬಿಟ್ರು. ತಾವೇ ಹಿಂದಿನ ದಿನ ಓಡಿಸಿ ನೋಡಿದ್ದ ಯಂತ್ರ ನಿಂತಿದೆ. ಅದರ ಮೇಲೆ ಅಷ್ಟು ದೊಡ್ಡ ಹೂವಿನ ಹಾರ. ಸುತ್ತ ಜನ ಮಾತಿಲ್ಲದೆ ನಿಂತಿದ್ದಾರೆ. ಅವರು ನಿಧಾನಕ್ಕೆ ತಲೆ ಮೇಲಿನ ಹೆಲ್ಮೆಟ್ ತೆಗೆದು ಎದೆ ಮುಂದೆ ಹಿಡ್ಕೊಂಡ್ರು. ತಲೆ ತಗ್ಗಿಸಿದ್ರು. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಮೆತ್ತಗೆ ಜರ್ಮನ್‌ನಲ್ಲಿ ಕೇಳಿದ್ರು.

"ಯಾರು ತೀರಿಕೊಂಡರು?"

ಎಚ್‌ಆರ್ ಸಾಹೇಬ್ರು ಹಲ್ಲು ಬಿಟ್ಟು, ಇಂಗ್ಲಿಷಲ್ಲಿ, "ಯೆಸ್ ಯೆಸ್, ವೆರಿ ಹ್ಯಾಪಿ ಡೇ!" ಅಂದ್ರು.

ಆ ಮನುಷ್ಯರ ಮುಖ ನೋಡಬೇಕಿತ್ತು. ನಾನು ಮುಂದೆ ಹೋಗೋ ಅಷ್ಟರಲ್ಲಿ ಎಚ್‌ಆರ್ ಸಾಹೇಬ್ರು ಆಯ್ಕೆ ಆದ ಹುಡುಗನನ್ನ ತಳ್ಳಿಕೊಂಡು ಬಂದ್ರು. "ಹೇಳಪ್ಪ, ನೀನೇ ಹೇಳು ಜರ್ಮನ್‌ನಲ್ಲಿ, ಇದೇನು ಅಂತ." ಪಾಪ ಹುಡುಗ ಬೆವತುಹೋದ. ಸುತ್ತ ಒಂದು ಸಲ ನೋಡಿದ. "ಮುಂಭಾಗದಲ್ಲಿ ಹೂಗಳಿವೆ" ಅಂದ. "ಹಿಂಭಾಗದಲ್ಲಿ ಜನರಿದ್ದಾರೆ." ಅಲ್ಲಿಗೆ ನಿಂತುಹೋಯ್ತು.

ಹಿರಿಯರು ಹೆಲ್ಮೆಟ್ ಎದೆಗೆ ಒತ್ತಿಕೊಂಡೇ ನನ್ನ ಕಡೆ ನೋಡಿದ್ರು. ನಾನು ಹೇಳಬಹುದಿತ್ತು. ಹೇಳಲಿಲ್ಲ. ದಾವಣಗೆರೆಯಾಕೆ ಕಡೆ ತಿರುಗಿದೆ. "ಹೋಗಮ್ಮ" ಅಂದೆ.

"ನಾ ಯಾಕ್ರಿ? ನಂಗ ಸಂಸ್ಕೃತಿ ಬರಂಗಿಲ್ಲಲ್ರಿ" ಅಂದಳು, ಎಚ್‌ಆರ್ ಸಾಹೇಬ್ರಿಗೆ ಕೇಳೋ ಹಾಗೆ. ಆದ್ರೂ ಆ ವಯಸ್ಸಾದವರು ತಲೆ ತಗ್ಗಿಸಿ ನಿಂತದ್ದನ್ನ ನೋಡಿದಳು. ವಿಭೂತಿ ಕೈ ಸೆರಗಿಗೆ ಒರೆಸ್ಕೊಂಡು ಬಂದಳು.

"ಯಾರೂ ಸತ್ತಿಲ್ಲ" ಅಂದಳು ಜರ್ಮನ್‌ನಲ್ಲಿ. "ಇವತ್ತು ಯಂತ್ರಗಳ ಹಬ್ಬ. ವರ್ಷವಿಡೀ ನಮಗಾಗಿ ದುಡಿದವು. ಇವತ್ತು ನಾವು ಅವನ್ನು ಮುಟ್ಟಿ ದುಡಿಸುವುದಿಲ್ಲ. ದಯವಿಟ್ಟು ಟೋಪಿ ಹಾಕಿಕೊಳ್ಳಿ."

ಅವರಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಹೆಲ್ಮೆಟ್ ಹಾಕ್ಕೊಂಡ್ರು. "ಕ್ಷಮಿಸಿ, ನಮ್ಮಲ್ಲಿ ಹೀಗೆ ಹೂವು ಇಟ್ಟರೆ..." ಅಂತ ಶುರು ಮಾಡಿದ್ರು.

"ಗೊತ್ತು" ಅಂದಳು. "ನಾನು ನಿಮ್ಮ ಕಡೆಯ ಒಂದು ಚಿತ್ರ ನೋಡಿದ್ದೆ. ಒಂದು ಕುಲುಮೆ. ಕಬ್ಬಿಣದ ಮಣೆಯ ಮೇಲೆ ಹೂವು. ನನಗೂ ಮೊದಲು ಹಬ್ಬ ಅನ್ನಿಸಿತ್ತು. ಆಮೇಲೆ ನೋಡಿದೆ, ಒಲೆಯಲ್ಲಿ ಬೆಂಕಿ ಇರಲಿಲ್ಲ. ಹಬ್ಬವಾದರೆ ದೀಪವಾದರೂ ಇರಬೇಕು. ಒಬ್ಬ ಹೆಂಗಸು ಕೂತಿದ್ದಳು, ಉಳಿದವರೆಲ್ಲ ನಿಂತಿದ್ದರು. ಆಗ ಗೊತ್ತಾಯಿತು, ಆ ಮಣೆಯ ಮೇಲೆ ಇನ್ನು ಯಾರೂ ಬಡಿಯುವುದಿಲ್ಲ. ನಾವು ಕೆಲಸಗಾರ ಚೆನ್ನಾಗಿರಲಿ ಅಂತ ಸಲಕರಣೆಗೆ ಹೂವು ಇಡುತ್ತೇವೆ. ನೀವು ಕೆಲಸಗಾರ ಇಲ್ಲವಾದ ಮೇಲೆ ಇಟ್ಟಿದ್ದಿರಿ. ಎರಡೂ ಮರ್ಯಾದೆಯೇ."

ಒಂದೆರಡು ಕಡೆ ವ್ಯಾಕರಣ ತಪ್ಪಿತ್ತು. ತಿದ್ದೋಕೆ ಹೋಗಲಿಲ್ಲ ನಾನು.

ಹಿರಿಯರು ಎಚ್‌ಆರ್ ಸಾಹೇಬ್ರ ಕಡೆ ತಿರುಗಿ ಇಂಗ್ಲಿಷಲ್ಲಿ ಕೇಳಿದ್ರು, "ನಮ್ಮಲ್ಲಿಗೆ ಬರ್ತಿರೋದು ಇವರೇ ತಾನೇ?"

"ನೋ ನೋ, ಈ ಹುಡುಗ. ಟಿಕೆಟ್, ವೀಸಾ ಎಲ್ಲ ಆಗಿದೆ." ಹಾಗಂದು ನನ್ನ ಕಡೆ ಬಗ್ಗಿ ಪಿಸುಗುಟ್ಟಿದ್ರು. "ಮೇಡಂ, ಅಷ್ಟುದ್ದ ಏನಂದ್ರು ಅವರು?"

"ಅವತ್ತು ನಿಮ್ಮ ಟ್ರೈನರು ಅರ್ಧಕ್ಕೆ ನಿಲ್ಲಿಸಿದ್ರಲ್ಲ ಸಾರ್, ಮಿಕ್ಕಿದ್ದ ಅರ್ಧ" ಅಂದೆ. ಪಿಸುಗುಟ್ಟಲಿಲ್ಲ ನಾನು, ಕೊನೆ ಸಾಲಿನ ಮೆಷಿನ್ ತನಕ ಕೇಳೋ ಹಾಗೆ ಅಂದೆ.

ಎಚ್‌ಆರ್ ಸಾಹೇಬ್ರು ಕೆಮ್ಮಿದ್ರು. ದಾವಣಗೆರೆಯಾಕೆ ಕಡೆ ನೋಡಿ ದೊಡ್ಡದಾಗಿ ನಕ್ಕರು. "ಸೂಪರ್ ಮೇಡಂ, ಸೂಪರ್. ಮುಂದಿನ ಸಲ ನಿಮ್ಮನ್ನೇ ಕಳಿಸೋಣ, ಪಕ್ಕಾ."

"ಮುಂದಿನ ಸಲಕ್ಕ ನಂಗ ಮೂವತ್ತೇಳ್ರಿ ಸಾರ್" ಅಂದಳು ಅವಳು. "ಮೂವತ್ತೈದಕ್ಕ ಬಾಗಿಲು ಹಾಕೋ ರೂಲು ನಿಮ್ದ ಅಲ್ಲೇನ್ರಿ?" ಹಾಗಂದು ಕಡ್ಲೆಪುರಿ ಹಂಚೋ ಬುಟ್ಟಿ ಎತ್ಕೊಂಡು ಯಂತ್ರಗಳ ಸಾಲಿನೊಳಗೆ ನಡೆದುಹೋದಳು.

ಹಿರಿಯರು ನನ್ನ ಮೊಣಕೈ ಮುಟ್ಟಿ ಕೇಳಿದ್ರು, ಈಗ ಆಕೆ ಏನು ಹೇಳಿದರು ಅಂತ. ನಾನು ಒಂದಕ್ಷರ ಬಿಡದೆ ಜರ್ಮನ್‌ಗೆ ಮಾಡಿ ಹೇಳಿದೆ. ಅವರು ಎಚ್‌ಆರ್ ಸಾಹೇಬ್ರ ಮುಖ ನೋಡಿದ್ರು, ಬುಟ್ಟಿ ಹಿಡಿದು ಹೋಗ್ತಿದ್ದವಳ ಬೆನ್ನು ನೋಡಿದ್ರು. ಆಮೇಲೆ ಆಗಷ್ಟೇ ಹಾಕ್ಕೊಂಡಿದ್ದ ಹೆಲ್ಮೆಟ್ಟನ್ನ ಮತ್ತೆ ತೆಗೆದು ಎದೆ ಮುಂದೆ ಹಿಡ್ಕೊಂಡ್ರು.